ಪಬ್ಬಿನ ಟೇಬಲ್ಲಿನಿಂದ ಮೊದಲು ಏಳುವವರು ಯಾರು?

ಪ್ರಶ್ನೆ: ನಾವು ನಾಗರಬಾವಿಯಲ್ಲಿದ್ದೇವೆ. ಹನ್ನೆರಡು ವರ್ಷದ ಮಗಳು, ಮೂರೂವರೆ ವರ್ಷದ ಮಗ. ಬರುವ ಭಾನುವಾರ ಮಧ್ಯಾಹ್ನ ಯಜಮಾನರ ಆಫೀಸಿನವರು ಸರ್ಜಾಪುರ ರಸ್ತೆಯ ಒಂದು ಮೈಕ್ರೋಬ್ರೂವರಿಯಲ್ಲಿ (ಅಲ್ಲೇ ಬಿಯರ್ ತಯಾರಿಸಿ ಕೊಡುವ ಪಬ್ಬು) ಸೇರುತ್ತಿದ್ದಾರೆ, ಮಕ್ಕಳನ್ನೂ ಕರೆತನ್ನಿ ಅಂದಿದ್ದಾರೆ. ಅದರ ಮುಂದಿನ ಶುಕ್ರವಾರ ನಾದಿನಿಯ ಹುಟ್ಟುಹಬ್ಬ, ಇಂದಿರಾನಗರದ ಪಬ್ಬಿನಲ್ಲಿ, ರಾತ್ರಿ ಎಂಟೂವರೆಗೆ. ಯಜಮಾನರು "ಅಲ್ಲಿ ಕಿಡ್ಸ್ ಮೆನು ಇದೆ, ಆಟ ಆಡೋಕೆ ಜಾಗ ಇದೆ, ಏನಾಗುತ್ತೆ?" ಅನ್ನುತ್ತಾರೆ. ಅತ್ತೆ "ಎಳೇ ಮಕ್ಕಳನ್ನ ಸಾರಾಯಿ ಅಂಗಡಿಗೆ ಕರ್ಕೊಂಡು ಹೋಗ್ತೀರಾ?" ಅಂತ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ. ಮಗಳು "ಬಿಯರ್ ಹೇಗಿರುತ್ತಮ್ಮಾ?" ಅಂತ ಕೇಳುತ್ತಿದ್ದಾಳೆ. ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಕಾನೂನು ಏನು ಹೇಳುತ್ತದೆ? ಎಷ್ಟನೇ ವಯಸ್ಸಿನಿಂದ ಪರವಾಗಿಲ್ಲ? ಇನ್ನೊಂದು ಮಾತು: ಅತ್ತೆ ನಿನ್ನೆ "ಅಷ್ಟು ಚೆನ್ನಾಗಿದ್ರೆ ನನ್ನೂ ಕರ್ಕೊಂಡು ಹೋಗಿ, ನೋಡೇ ಬಿಡ್ತೀನಿ" ಅಂದರು. ಅದು ಕೋಪವೋ ಆಸೆಯೋ ಗೊತ್ತಾಗಲಿಲ್ಲ.

ಉತ್ತರ: ಭಾನುವಾರ ಹೋಗಿ ಬನ್ನಿ. ಶುಕ್ರವಾರ ಮಕ್ಕಳು ಮನೆಯಲ್ಲಿರಲಿ. ನಿಮಗೆ ಪುರುಸೊತ್ತಿಲ್ಲದಿದ್ದರೆ ಇಷ್ಟು ಓದಿದರೆ ಸಾಕು. ಪುರುಸೊತ್ತಿದ್ದರೆ ನಿಮ್ಮ ಅತ್ತೆಯವರ ಮಾತಿನಿಂದಲೇ ಶುರು ಮಾಡೋಣ, ಯಾಕೆಂದರೆ ಮೂರೂ ಜನರಲ್ಲಿ ಸರಿಯಾದ ಜಾಗಕ್ಕೆ ಕೈ ಇಟ್ಟವರು ಅವರೇ. ಹೆಸರು ಮಾತ್ರ ಹಳೆಯದು.

ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಗಿದ್ದು 2007ರ ಜುಲೈ 1ರಂದು. ಅದಾದ ಮೇಲೆ ಹುಟ್ಟಿದವರಿಗೆ ಸಾರಾಯಿ ಅಂಗಡಿ ಹೇಗಿತ್ತು ಅನ್ನುವುದೇ ಗೊತ್ತಿಲ್ಲ. ನಾನು ಬೆಳೆದದ್ದು ಮಂಡ್ಯ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ನಮ್ಮ ಬೀದಿಯಲ್ಲಿ ನನಗಿಂತ ಒಂದು ವರ್ಷ ಚಿಕ್ಕವನಾದ ಹುಡುಗನೊಬ್ಬನಿದ್ದ. ದೀಪ ಹಚ್ಚುವ ಹೊತ್ತಿಗೆ ಅವನ ಅವ್ವ "ಹೋಗಿ ನಿಮ್ಮಪ್ಪನ್ನ ಕರ್ಕೊಂಡ್ ಬಾ" ಅಂತ ಕಳಿಸುತ್ತಿದ್ದರು. ಅಂಗಡಿ ಎದುರಿಗೆ ಒಂದು ಚಪ್ಪಡಿ ಕಲ್ಲು. ಅದರ ಮೇಲೆ ಅವನು ಕೂರುತ್ತಿದ್ದ. ಒಳಗಿನವರು ಅವನಿಗೆ ಹುರಿಗಾಳು ಕೊಡುತ್ತಿದ್ದರು, ಮಾತಾಡಿಸುತ್ತಿದ್ದರು, ಯಾರೂ ಬೈಯುತ್ತಿರಲಿಲ್ಲ. ಆದರೆ ಅವನು ಬಂದ ಅಂತ ಅಪ್ಪ ಏಳುತ್ತಿರಲಿಲ್ಲ. ಅಪ್ಪನಿಗೆ ಸಾಕು ಅನ್ನಿಸಿದಾಗ ಏಳುತ್ತಿದ್ದ. ಅಲ್ಲಿಯವರೆಗೆ ಹುಡುಗ ಕಾಯಬೇಕು.

ಇವತ್ತು ನಮ್ಮ ಬ್ರೂವರಿಗಳಲ್ಲಿ ಕಲ್ಲಿನ ಬದಲು ಹೈ ಚೇರ್ ಇದೆ, ಹುರಿಗಾಳಿನ ಬದಲು ಫ್ರೆಂಚ್ ಫ್ರೈಸ್ ಇದೆ, ಕೈಗೊಂದು ಮೊಬೈಲ್ ಇದೆ. ಮಗು ಹೋದ ಜಾಗ ಬಾರೋ ಪಬ್ಬೋ ರೆಸ್ಟೋರೆಂಟೋ ಅನ್ನುವುದು ನನಗೆ ಅಷ್ಟು ಮುಖ್ಯವಲ್ಲ. "ಸಾಕು, ಮನೆಗೆ ಹೋಗೋಣ" ಅಂತ ಮಗು ಅಂದರೆ ಟೇಬಲ್ ಏಳುತ್ತದಾ? ಏಳುವುದಾದರೆ ನೀವು ಊಟಕ್ಕೆ ಹೋಗಿದ್ದೀರಿ, ಊಟದ ಜೊತೆ ಕೆಲವರು ಕುಡಿಯುತ್ತಿದ್ದಾರೆ. "ಇನ್ನೊಂದು ಹತ್ತು ನಿಮಿಷ ಪುಟ್ಟಾ" ಅನ್ನುವುದು ಮೂರು ಸಲ ಆದರೆ ನೀವು ಕುಡಿಯಲು ಹೋಗಿದ್ದೀರಿ, ಮಗು ಕಾಯುತ್ತಿದೆ. ವಯಸ್ಸಿನ ಲೆಕ್ಕ ಇದರ ನಂತರದ್ದು.

ಈಗ ಕಾನೂನು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ 18 ವರ್ಷ ಅಂತಿದೆ, 1967ರ ಪರವಾನಗಿ ನಿಯಮಗಳಲ್ಲಿ 21 ಅಂತಿದೆ. ಈ ಗೊಂದಲ ತೆಗೆಯುತ್ತೇವೆ ಅಂತ ಸರ್ಕಾರ 2023ರ ಜನವರಿಯಲ್ಲಿ ವಯಸ್ಸನ್ನು 18ಕ್ಕೆ ಇಳಿಸುವ ಕರಡು ಹೊರಡಿಸಿ, ವಿರೋಧ ಬಂದ ಮೇಲೆ ಕೈಬಿಟ್ಟಿತು. ಹಾಗಾಗಿ ಬಾಗಿಲಲ್ಲಿ ನೀವು ನೋಡುವ ಬೋರ್ಡು 21. ಈ ಎರಡೂ ಸಂಖ್ಯೆ ಯಾರಿಗೆ ಮದ್ಯ ಮಾರಬಹುದು ಅನ್ನುವುದಕ್ಕೆ ಸಂಬಂಧಿಸಿದ್ದು. ಅಪ್ಪ ಅಮ್ಮನ ಜೊತೆ ಊಟಕ್ಕೆ ಬಂದ ಮಗುವಿನ ವಿಷಯದಲ್ಲಿ ಒಂದೊಂದು ಜಾಗ ಒಂದೊಂದು ಪದ್ಧತಿ ಇಟ್ಟುಕೊಂಡಿದೆ: ಕೆಲವರು ಮಧ್ಯಾಹ್ನ ಬಿಡುತ್ತಾರೆ, ಸಂಜೆಯಾದ ಮೇಲೆ ಬಿಡುವುದಿಲ್ಲ, ಕೆಲವರು ಯಾವಾಗಲೂ ಬಿಡುವುದಿಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ 17ರ ಹುಡುಗ ಪಬ್ಬಿನಿಂದ ಹೊರಬಂದು ಕಾರು ಗುದ್ದಿಸಿ ಇಬ್ಬರು ಸತ್ತ ಮೇಲೆ ಬಾಗಿಲಲ್ಲಿ ಕೇಳುವುದು ಇನ್ನೂ ಹೆಚ್ಚಾಗಿದೆ, ಆಗಬೇಕಾದದ್ದೇ. ಹೋಗುವ ಮೊದಲು ಫೋನ್ ಮಾಡಿ ಕೇಳಿ. ಬಾಗಿಲಲ್ಲಿ ಬೌನ್ಸರ್ ಎದುರು ಅಳುವ ಮಗುವನ್ನು ಎತ್ತಿಕೊಂಡು ವಾದ ಮಾಡುವುದು ಯಾರಿಗೂ ಬೇಡ.

ಮನೆಯವರಿಗೆ ಗೊತ್ತಿರಲೇಬೇಕಾದ ಕಾನೂನು ಬೇರೆಯದೇ ಇದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, ವೈದ್ಯರ ಸಲಹೆಯಿಲ್ಲದೆ 18 ತುಂಬದವರಿಗೆ ಮದ್ಯ ಕೊಡುವುದು ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾದ ಅಪರಾಧ. ಅಂಗಡಿಯವನಿಗೆ ಒಂದು, ಚಿಕ್ಕಪ್ಪನಿಗೆ ಒಂದು ಅಂತ ಅದರಲ್ಲಿಲ್ಲ. "ನೊರೆ ಮಾತ್ರ ನೆಕ್ಕು ಮಗಾ" ಅಂತ ಮಗ್ಗು ತುಟಿಗೆ ಹಿಡಿದು ವಿಡಿಯೋ ಮಾಡುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಆ ವಿಡಿಯೋ ಏನು ಅನ್ನುವುದನ್ನು ಅವರಿಗೆ ಹೇಳಿ.

ಪಬ್ಬು ಹುಟ್ಟಿದ ನಾಡಿನಲ್ಲೂ ಈ ಜಗಳ ನೂರು ವರ್ಷಕ್ಕಿಂತ ಹಳೆಯದು. ಇಂಗ್ಲೆಂಡಿನಲ್ಲಿ 1908ರ ಮಕ್ಕಳ ಕಾಯ್ದೆ 14ಕ್ಕಿಂತ ಚಿಕ್ಕವರನ್ನು ಬಾರಿನೊಳಗೆ ಬಿಡಬಾರದು ಅಂದಿತು. ಅಲ್ಲಿಯ ಈಗಿನ 2003ರ ಕಾಯ್ದೆಯ ಪ್ರಕಾರ, ಮುಖ್ಯವಾಗಿ ಕುಡಿತಕ್ಕೇ ಇರುವ ಜಾಗಕ್ಕೆ 16 ತುಂಬದವರು ದೊಡ್ಡವರಿಲ್ಲದೆ ಬರುವ ಹಾಗಿಲ್ಲ. ಐರ್ಲೆಂಡಿನವರು ಗಡಿಯಾರ ಹಿಡಿದರು: 18 ತುಂಬದವರು ರಾತ್ರಿ 9ರ ಮೇಲೆ ಬಾರಿನಲ್ಲಿರಬಾರದು, ಬೇಸಿಗೆ ತಿಂಗಳುಗಳಲ್ಲಿ 10. ನನಗೆ ಐರ್ಲೆಂಡಿನ ದಾರಿ ಹಿಡಿಸುತ್ತದೆ. ಒಂದೇ ಜಾಗ ಮಧ್ಯಾಹ್ನ ಒಂದಕ್ಕೆ ಊಟದ ಮನೆ, ರಾತ್ರಿ ಹತ್ತಕ್ಕೆ ಬೇರೆಯೇ ಲೋಕ ಅನ್ನುವುದನ್ನು ಅವರು ಒಪ್ಪಿಕೊಂಡರು. ಅಂದ ಹಾಗೆ, 2012ರಲ್ಲಿ ಸುದ್ದಿಯಾಗಿತ್ತು, ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಮಧ್ಯಾಹ್ನದ ಊಟ ಮುಗಿಸಿ ಎಂಟು ವರ್ಷದ ಮಗಳನ್ನು ಪಬ್ಬಿನಲ್ಲೇ ಮರೆತು ಮನೆಗೆ ಹೋಗಿದ್ದರು. ಅವರು ಒಂದು ಕಾರಿನಲ್ಲಿ, ಹೆಂಡತಿ ಇನ್ನೊಂದರಲ್ಲಿ, ಮಗಳು ಅವರ ಜೊತೆಗಿದ್ದಾಳೆ ಅಂತ ಇವರು, ಇವರ ಜೊತೆಗಿದ್ದಾಳೆ ಅಂತ ಅವರು. ಇಪ್ಪತ್ತು ಜನ ಇರುವ ಟೀಮ್ ಲಂಚ್‌ನಲ್ಲಿ ಮೂರೂವರೆ ವರ್ಷದವನ ಮೇಲೆ ಯಾರ ಕಣ್ಣು ಅಂತ ನೀವಿಬ್ಬರೂ ಮೊದಲೇ ಮಾತಾಡಿಕೊಳ್ಳಿ. "ಎಲ್ಲರೂ ನೋಡ್ಕೋತಾರೆ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ನಮ್ಮೂರಿನವರೂ ಇದನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದರು. ಕೆಳಗೆ ಬಾರು, ಮಹಡಿ ಮೇಲೆ "ಫ್ಯಾಮಿಲಿ ಹಾಲ್". ಮೈಸೂರು ರಸ್ತೆ, ತುಮಕೂರು ರಸ್ತೆಗಳ ಬಾರ್ ಅಂಡ್ ರೆಸ್ಟೋರೆಂಟುಗಳಲ್ಲಿ ಒಂದು ಮೆಟ್ಟಿಲಸಾಲು ಎರಡು ಲೋಕಗಳನ್ನು ಬೇರೆ ಮಾಡುತ್ತಿತ್ತು. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಂಥ ಕಡೆ ಒಂದು ಟೇಬಲ್ಲಿನಲ್ಲಿ ಬಿಯರು, ಪಕ್ಕದ್ದರಲ್ಲಿ ಮಕ್ಕಳ ಜೊತೆ ಆಮ್ಲೆಟ್ಟು ಕಾಫಿ, ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಎಂಬತ್ತು ತೊಂಬತ್ತರ ದಶಕದಲ್ಲಿ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರೋಡಿನ ಪಬ್ಬುಗಳು ಕತ್ತಲೆ ಕೋಣೆಗಳು. ಅಲ್ಲಿಗೆ ಮಗುವನ್ನು ಕರೆದೊಯ್ಯುವ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. 2010ರ ನಂತರ ಮೈಕ್ರೋಬ್ರೂವರಿಗಳು ಬಂದವು, ಬಿಸಿಲು, ಗಿಡಮರ, ಪಿಜ್ಜಾ ಒಲೆ, ನೂರಾರು ಸೀಟು, ಪಾರ್ಕಿಂಗು. ಬೆಂಗಳೂರಿನ ಭಾನುವಾರದ ಕುಟುಂಬದ ಊಟ ನಿಧಾನವಾಗಿ ಅಲ್ಲಿಗೆ ಹೋಯಿತು, ಮಹಡಿ ಮೇಲಿನ ಫ್ಯಾಮಿಲಿ ಹಾಲ್ ಮಾಯವಾಯಿತು. ನಿಮ್ಮ ಅತ್ತೆಯವರ ಕಣ್ಣಿಗೆ ಕಾಣದೇ ಹೋದದ್ದು ಆ ಮೆಟ್ಟಿಲು. ಈಗ ಅದನ್ನು ನೀವೇ ಕಟ್ಟಿಕೊಳ್ಳಬೇಕು.

ನಾನು ಮಕ್ಕಳ ಡಾಕ್ಟರು, ಸಂಸ್ಕೃತಿಯ ವಕ್ತಾರಳಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದವರ ಭಾಷೆಯಲ್ಲಿ ಮಾತಾಡುವ ಆಸೆ ನನಗಿಲ್ಲ. ಕೊಡಗಿನ ಮದುವೆಮನೆಗಳಲ್ಲಿ ಹಿರಿಯರು ಎದುರಿಗೇ ಕುಡಿಯುತ್ತಾರೆ, ಮಕ್ಕಳು ಅಲ್ಲೇ ಓಡಾಡುತ್ತಿರುತ್ತವೆ, ಅದರಿಂದಲೇ ಅವು ಕೆಟ್ಟುಹೋದದ್ದನ್ನು ನಾನು ಕಂಡಿಲ್ಲ. ಗ್ಲಾಸು ಕಣ್ಣಿಗೆ ಬಿದ್ದರೆ ಮಗು ಹಾಳಾಗುವುದಿಲ್ಲ. ಅಲ್ಲಿ ಮಗುವಿನ ಕಿವಿ, ನಿದ್ದೆ, ಗಂಟಲು, ಹೊಟ್ಟೆಗೆ ಏನಾಗುತ್ತದೆ ಅನ್ನುವುದು ನನ್ನ ಕ್ಷೇತ್ರ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಗ್ಲಾಸಿನದ್ದೇ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಸಂಜೆ ನಾಲ್ಕು ವರ್ಷದ ಹುಡುಗನನ್ನು ತುರ್ತು ವಿಭಾಗಕ್ಕೆ ಹೊತ್ತು ತಂದರು. ತೂಗಾಡುತ್ತಿದ್ದಾನೆ, ಬೆವರುತ್ತಿದ್ದಾನೆ, ಕೂಗಿದರೆ ಕಣ್ಣು ಬಿಡುತ್ತಾನೆ, ಮತ್ತೆ ಮುಚ್ಚುತ್ತಾನೆ. "ಬಿಸಿಲಿಗೆ ಆಗಿರಬೇಕು" ಅಂದರು ತಂದೆ. ಬಾಯಿ ಮೂಸಿದೆ. ಟೇಬಲ್ಲಿನ ಮೇಲೆ ಯಾರೋ ಅರ್ಧ ಬಿಟ್ಟಿದ್ದ ಲಾಂಗ್ ಐಲೆಂಡ್ ಐಸ್ ಟೀಯನ್ನು ಅವನು ಕೋಕ್ ಅಂದುಕೊಂಡು ಸ್ಟ್ರಾ ಹಾಕಿ ಎಳೆದಿದ್ದ. ಹೆಸರಿನಲ್ಲಿ ಟೀ ಇದೆ, ಬಣ್ಣ ಕೋಲಾದ್ದು, ಒಳಗಿರುವುದು ವೋಡ್ಕಾ, ಜಿನ್, ರಮ್, ಟಕೀಲಾ ಎಲ್ಲ. ನಮ್ಮಲ್ಲಿ ಮಾರುವ ಸ್ಪಿರಿಟ್‌ಗಳಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಆಲ್ಕೋಹಾಲ್. ಲೆಕ್ಕ ಹಾಕಿ ನೋಡಿ: 30 ಎಂಎಲ್‌ನ ಒಂದು ಪೆಗ್ಗಿನಲ್ಲಿ ಸುಮಾರು 10 ಗ್ರಾಂ. ಅದು ನಿಮ್ಮ ಮಗನಂಥ 15 ಕೆಜಿ ಮಗುವಿನ ಹೊಟ್ಟೆಗೆ ಹೋದರೆ ರಕ್ತದಲ್ಲಿ 100 ಎಂಎಲ್‌ಗೆ ಹತ್ತಿರ ಹತ್ತಿರ 100 ಮಿಲಿಗ್ರಾಂ. ದೊಡ್ಡವರು ಗಾಡಿ ಓಡಿಸಲು ಇರುವ ಮಿತಿ 30. ಚಿಕ್ಕ ಮಕ್ಕಳಲ್ಲಿ ಅಮಲಿಗಿಂತ ದೊಡ್ಡ ಅಪಾಯ ಸಕ್ಕರೆ ಕುಸಿಯುವುದು. ಅವರ ಲಿವರಿನಲ್ಲಿ ಕೂಡಿಟ್ಟ ಸಕ್ಕರೆ ಕಡಿಮೆ, ಹೊಸದಾಗಿ ಮಾಡಿಕೊಳ್ಳುವುದನ್ನು ಆಲ್ಕೋಹಾಲ್ ತಡೆಯುತ್ತದೆ. ಫಿಟ್ಸ್ ಬರಬಹುದು, ಪ್ರಾಣಕ್ಕೂ ಕುತ್ತು. ಆ ಹುಡುಗ ಗ್ಲೂಕೋಸ್ ಏರಿಸಿದ ಮೇಲೆ ಚೇತರಿಸಿಕೊಂಡ. ಬಂದವರು ಮೊದಲ ನಿಮಿಷದಲ್ಲೇ ನಿಜ ಹೇಳಿದ್ದರೆ ಇನ್ನೂ ಬೇಗ ಆಗುತ್ತಿತ್ತು.

ಹೀಗಾದರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಅಮಲು ಇಳಿಸಲು ಕಾಫಿ, ಮಜ್ಜಿಗೆ, ನಿಂಬೆರಸ ಅಂತ ಪ್ರಯೋಗ ಮಾಡಬೇಡಿ. ಮಗು ಪೂರ್ತಿ ಎಚ್ಚರವಿದ್ದು ನುಂಗಬಲ್ಲದಾದರೆ ಏನಾದರೂ ಸಿಹಿ ಕುಡಿಸಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಏನು ಎಷ್ಟು ಕುಡಿದಿರಬಹುದು ಅಂತ ನೇರವಾಗಿ ಹೇಳಿ. ಮೊದಲೇ ಮಾಡಬೇಕಾದದ್ದು ಸುಲಭ: ಮಗನ ನೀರಿನ ಬಾಟಲಿ ಮನೆಯಿಂದಲೇ ತನ್ನಿ, ಅವನು ಅದರಿಂದ ಮಾತ್ರ ಕುಡಿಯಲಿ. ಹಣ್ಣಿನ ಚೂರು ತೇಲುವ ಸಾಂಗ್ರಿಯಾದ (ಅದು ವೈನಿನದು) ಜಗ್ಗು ಇದ್ದರೆ ಅದು ಟೇಬಲ್ಲಿನ ಆ ತುದಿಗೆ ಹೋಗಲಿ.

ಎರಡನೆಯದು ಕಡ್ಲೆಬೀಜ. ಬಸವನಗುಡಿಯ ಪರಿಷೆ ನಡೆಯುವ ಊರಿನಲ್ಲಿ ಕೂತು ಕಡ್ಲೆಕಾಯಿಯನ್ನು ಬೈಯುವುದು ಮಹಾಪಾಪ, ಆದರೂ ಬೈಯುತ್ತೇನೆ. ಮಸಾಲಾ ಪೀನಟ್ಸ್, ಕಾಂಗ್ರೆಸ್ ಕಡ್ಲೆಬೀಜ ಪಬ್ಬಿನ ಟೇಬಲ್ಲಿಗೆ ಮೊದಲು ಬರುವ ಐಟಂ, ಮಗುವಿನ ಕೈಗೆ ಸುಲಭವಾಗಿ ಸಿಗುವ ಎತ್ತರದಲ್ಲಿರುತ್ತದೆ. ಐದು ವರ್ಷದೊಳಗಿನವರಿಗೆ ಅದನ್ನು ಇಡಿಯಾಗಿ ಕೊಡಬಾರದು. ಚೆನ್ನಾಗಿ ಅರೆದು ನುಂಗುವುದು ಇನ್ನೂ ಬಂದಿರುವುದಿಲ್ಲ, ಓಡುತ್ತಾ ನಗುತ್ತಾ ತಿನ್ನುತ್ತವೆ, ಕಾಳು ಶ್ವಾಸನಾಳಕ್ಕೆ ಜಾರುತ್ತದೆ. ನಮ್ಮ ದೇಶದಲ್ಲಿ ಮಕ್ಕಳ ಶ್ವಾಸನಾಳದಿಂದ ಬ್ರಾಂಕೋಸ್ಕೋಪ್ (ಶ್ವಾಸನಾಳದೊಳಗೆ ಇಳಿಸಿ ನೋಡುವ ನಳಿಗೆ) ಹಾಕಿ ತೆಗೆಯುವ ವಸ್ತುಗಳಲ್ಲಿ ಕಡ್ಲೆಬೀಜದ್ದೇ ಮೇಲುಗೈ. ಗದ್ದಲದ ಜಾಗದಲ್ಲಿ ಕೆಮ್ಮು ಯಾರಿಗೂ ಕೇಳಿಸುವುದಿಲ್ಲ. ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾಯಿತು ಅಂದರೆ ಸರಿಹೋಯಿತು ಅಂತಲ್ಲ, ಆಮೇಲೆ ವಾರಗಟ್ಟಲೆ ಒಂದೇ ಕಡೆ ಸುಯ್‌ಗುಟ್ಟುವ ಎದೆಯೊಂದಿಗೆ ನನ್ನ ಹತ್ತಿರ ಬರುತ್ತಾರೆ. ಹೊಗೆಯಾಡುವ ಲಿಕ್ವಿಡ್ ನೈಟ್ರೋಜನ್ ತಿಂಡಿ, ಪಾನೀಯಗಳು ಮಕ್ಕಳಿಗೆ ಬೇಡವೇ ಬೇಡ.

ಕಿವಿಯ ಮಾತು. ದೊಡ್ಡ ಕೆಲಸಗಾರರಿಗೇ 85 ಡೆಸಿಬೆಲ್ ಶಬ್ದದಲ್ಲಿ ಎಂಟು ಗಂಟೆ ಅಂತ ಮಿತಿ ಇದೆ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು, 100ಕ್ಕೆ ಬರೀ ಕಾಲು ಗಂಟೆ. ಮಕ್ಕಳಿಗೆ ಇನ್ನೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಹೆಡ್‌ಫೋನಿಗೆ ಹೇಳುವ ಅಳತೆ ವಾರಕ್ಕೆ 40 ಗಂಟೆ, 75 ಡೆಸಿಬೆಲ್, ದೊಡ್ಡವರಿಗೆ ಅದೇ 80. ಮೀಟರ್ ಬೇಕಿಲ್ಲ. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕೂತವರ ಜೊತೆ ಕೂಗಿ ಮಾತಾಡಬೇಕಾಗಿ ಬಂದರೆ 85 ದಾಟಿದೆ ಅಂದುಕೊಳ್ಳಿ. ಭಾನುವಾರ ಮಧ್ಯಾಹ್ನ ತೋಟದ ಕಡೆಯ ಟೇಬಲ್ಲಿನಲ್ಲಿ ಹೀಗಾಗುವುದು ಅಪರೂಪ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಡಿಜೆ ಶುರುವಾದ ಮೇಲೆ ಹೀಗಾಗದೇ ಇರುವುದು ಅಪರೂಪ. ಕೂಸಿನ ಕಿವಿಯ ನಾಳ ಸಣ್ಣದು, ಕೀಚು ಶಬ್ದ ಅದರಲ್ಲಿ ಇನ್ನಷ್ಟು ಜೋರಾಗುತ್ತದೆ, "ನಮ್ಮ ಪಾಪು ಎಂಥಾ ಗಲಾಟೆಯಲ್ಲೂ ಮಲಗುತ್ತೆ" ಅಂತ ಹೆಮ್ಮೆ ಪಡುವವರಿಗೆ ಇದನ್ನು ಹೇಳಿ. ಮಲಗಿದರೂ ಕಿವಿ ತೆರೆದೇ ಇರುತ್ತದೆ.

ನಿದ್ದೆ. ಮೂರರಿಂದ ಐದು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ, ನಿಮ್ಮ ಮಗಳಿಗೆ 9ರಿಂದ 12. ಎಂಟೂವರೆಗೆ ಸೇರುವ ಪಾರ್ಟಿಯಲ್ಲಿ ಕೇಕು ಕತ್ತರಿಸುವುದೇ ಹತ್ತಕ್ಕೆ. ಬೆಂಗಳೂರಿನಲ್ಲಿ ಬಾರುಗಳು ರಾತ್ರಿ ಒಂದರವರೆಗೆ ತೆರೆದಿರಬಹುದು, ಅದು ನಗರದ ಸಮಯ. ನಿಮ್ಮ ಮಗನ ಸಮಯ ಎಂಟೂವರೆಗೆ ಮುಗಿದಿರುತ್ತದೆ.

ಹೊಗೆ, ಮೆಟ್ಟಿಲು, ಬೆಂಕಿ ಇವಕ್ಕೆ ಒಂದೊಂದು ಸಾಲು. ಸ್ಮೋಕಿಂಗ್ ಜಾಗದ ಬಾಗಿಲಿನ ಪಕ್ಕದ ಟೇಬಲ್ ಬೇಡ. ಬೆಂಗಳೂರಿನ ಮಕ್ಕಳ ಎದೆ ಮೊದಲೇ ಸೂಕ್ಷ್ಮ. ಅಲಂಕಾರದ ಕೊಳ ಇರುವಲ್ಲಿ ಕೈ ಬಿಡಬೇಡಿ. ರೂಫ್‌ಟಾಪ್ ಆದರೆ ಇಳಿಯಲು ಎರಡನೇ ಮೆಟ್ಟಿಲು ಎಲ್ಲಿದೆ ಅಂತ ನೋಡಿಕೊಂಡೇ ಕೂರಿ. 2023ರ ಅಕ್ಟೋಬರಿನಲ್ಲಿ ಕೋರಮಂಗಲದ ಕಟ್ಟಡವೊಂದರ ಮೇಲಿನ ಕೆಫೆಗೆ ಬೆಂಕಿ ಬಿದ್ದಾಗ ಮೇಲಿನಿಂದ ಹಾರಿದವರನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಉರಿಯುವ ಸಿಜ್ಲರ್ ಹೊತ್ತು ಬರುವ ವೇಟರ್ ಕಾಲಿಗೆ ಸಿಗುವ ಎತ್ತರದಲ್ಲೇ ನಿಮ್ಮ ಮಗನ ತಲೆ ಇರುತ್ತದೆ. ಆ ವೇಟರ್ ಮೇಲೂ ಸ್ವಲ್ಪ ಕರುಣೆ ಇರಲಿ. ಮಕ್ಕಳಿಲ್ಲದೆ ನೆಮ್ಮದಿಯಾಗಿ ಒಂದು ಗ್ಲಾಸು ಹಿಡಿಯೋಣ ಅಂತ ಬಂದು ಪಕ್ಕದ ಟೇಬಲ್ಲಿನಲ್ಲಿ ಕೂತವರ ಮೇಲೂ. ಅದು ಮೂಲತಃ ಅವರ ಜಾಗ, ನಾವು ಅತಿಥಿಗಳು.

ಇನ್ನು ಮಗಳು. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ ಮಾತು ಅವಳದ್ದು. "ಬಿಯರ್ ಹೇಗಿರುತ್ತಮ್ಮಾ?" ಅಂತ ನಿಮ್ಮನ್ನು ಕೇಳಿದ್ದಾಳೆ, ಗೆಳತಿಯನ್ನಲ್ಲ. ಶಾಲೆಗೆ ಹೋಗದ ಪುಟ್ಟ ಮಕ್ಕಳೂ ಮದ್ಯದ ವಾಸನೆ ಗುರುತಿಸಬಲ್ಲವು, ಅದು ದೊಡ್ಡವರದ್ದು ಅಂತ ತಿಳಿದಿರುತ್ತವೆ ಅಂತ ಅಧ್ಯಯನಗಳು ತೋರಿಸಿವೆ. ಹನ್ನೆರಡರವಳ ಹತ್ತಿರ ಮುಚ್ಚಿಡುವುದು ಏನೂ ಉಳಿದಿಲ್ಲ. ನಿಜ ಹೇಳಿ: "ಕಹಿ ಇರುತ್ತೆ. ಕುಡಿದವರಿಗೆ ಸ್ವಲ್ಪ ಹೊತ್ತು ತಲೆ ಹಗುರ ಆದ ಹಾಗಿರುತ್ತೆ, ಜಾಸ್ತಿಯಾದ್ರೆ ಏನ್ ಮಾತಾಡ್ತಿದೀವಿ ಅನ್ನೋದೇ ಗೊತ್ತಾಗಲ್ಲ. ಮೆದುಳು ಬೆಳೆದು ಮುಗಿಯೋಕೆ ಇಪ್ಪತ್ತೈದರ ಹತ್ತಿರ ಆಗುತ್ತೆ, ಅಲ್ಲೀವರೆಗೆ ಅದು ನಿನಗೆ ಇನ್ನೂ ಜಾಸ್ತಿ ಹಾನಿ." ದೊಡ್ಡವರಿಗೂ ಇಷ್ಟು ಸುರಕ್ಷಿತ ಅನ್ನುವ ಅಳತೆ ಇಲ್ಲ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಅದನ್ನೂ ಹೇಳಿ. "ಮತ್ತೆ ಅಪ್ಪ ಯಾಕೆ ಕುಡಿತಾರೆ?" ಅಂತ ಮರುಪ್ರಶ್ನೆ ಬರುತ್ತದೆ. ಅದಕ್ಕೆ ಅಪ್ಪನೇ ಉತ್ತರ ಕೊಡಲಿ. ಆ ಸಂಭಾಷಣೆಗೆ ನೀವು ನಡುವೆ ಬಾಯಿ ಹಾಕಬೇಡಿ.

"ಮನೆಯಲ್ಲೇ ಒಂದು ಗುಟುಕು ರುಚಿ ತೋರಿಸಿದರೆ ಹೊರಗೆ ಹೋಗಿ ಕುಡಿಯುವುದಿಲ್ಲ" ಅನ್ನುವ ವಾದ ನಿಮ್ಮ ಟೇಬಲ್ಲಿನಲ್ಲಿ ಖಂಡಿತ ಬರುತ್ತದೆ. ಫ್ರಾನ್ಸು, ಇಟಲಿ ಅಂತ ಉದಾಹರಣೆಯೂ ಬರುತ್ತದೆ. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಹದಿಹರೆಯದವರನ್ನು ಆರು ವರ್ಷ ಹಿಂಬಾಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪ್ಪ ಅಮ್ಮ ಕೊಟ್ಟು ರುಚಿ ತೋರಿಸಿದ್ದರಿಂದ ಯಾವ ರಕ್ಷಣೆಯೂ ಕಾಣಲಿಲ್ಲ. ಹಾಗೆ ಪಡೆದವರಲ್ಲಿ ಮುಂದೆ ಅತಿಯಾಗಿ ಕುಡಿಯುವುದು, ಅದರಿಂದ ಪೆಟ್ಟು ತಿನ್ನುವುದೇ ಹೆಚ್ಚು ಕಂಡಿತು. ಒಂದು ಗುಟುಕಿನಿಂದ ಯಾರೂ ಕುಡುಕರಾಗುವುದಿಲ್ಲ, ನಿಜ. ಆದರೆ ಆ ಗುಟುಕು ಅವಳಿಗೆ "ಮನೆಯವರ ಅಭ್ಯಂತರವಿಲ್ಲ" ಅಂತ ಕೇಳಿಸುತ್ತದೆ.

ಅವಳ ಹತ್ತಿರ ಇನ್ನೊಂದು ಮಾತು ಹೋಗುವ ಮೊದಲೇ ಆಡಿ. ಕುಡಿದ ಅಂಕಲ್‌ಗಳು ಪ್ರೀತಿ ಉಕ್ಕಿ ಭುಜದ ಮೇಲೆ ಕೈ ಹಾಕುತ್ತಾರೆ, ಪಕ್ಕಕ್ಕೆ ಎಳೆದು ಸೆಲ್ಫಿ ತೆಗೆಯುತ್ತಾರೆ. ಎಲ್ಲರೂ ಕೆಟ್ಟವರಲ್ಲ, ಆದರೆ ಅವಳಿಗೆ ಇಷ್ಟವಾಗದಿದ್ದರೆ ಎದ್ದು ನಿಮ್ಮ ಹತ್ತಿರ ಬರಬಹುದು, ಅಪ್ಪನ ಬಾಸ್ ಆದರೂ ಸರಿ, ಅದಕ್ಕೆ ಯಾರೂ ಅವಳನ್ನು ಬೈಯುವುದಿಲ್ಲ ಅಂತ ಗೊತ್ತಿರಲಿ. ಟಾಯ್ಲೆಟ್ಟಿಗೆ ನೀವೂ ಜೊತೆಗೆ ಹೋಗಿ. ಈ ವಯಸ್ಸಿನವರಿಗೆ ಪಬ್ಬು ಮೂರೂವರೆಯವನಿಗಿಂತ ಹೆಚ್ಚು ಕಷ್ಟದ ಜಾಗ. ಅವನಿಗೆ ಆಟದ ಜಾಗ ಸಿಕ್ಕರೆ ಸಾಕು, ಅವಳು ನೋಡುತ್ತಾ ಕೂತಿರುತ್ತಾಳೆ. ಯಾರು ಹೇಗೆ ಕುಡಿದರು, ಯಾರ ದನಿ ಬದಲಾಯಿತು, ಅಮ್ಮನ ಮುಖ ಯಾವಾಗ ಸಣ್ಣದಾಯಿತು, ಎಲ್ಲವೂ ಅವಳ ಲೆಕ್ಕದಲ್ಲಿರುತ್ತದೆ. ಹೀಗಾಗಿ "ಎಷ್ಟನೇ ವಯಸ್ಸಿನಿಂದ ಪರವಾಗಿಲ್ಲ" ಅನ್ನುವುದಕ್ಕೆ ನನ್ನ ಹತ್ತಿರ ಒಂದು ಸಂಖ್ಯೆ ಇಲ್ಲ. ಆರು ತಿಂಗಳ ಕೂಸಿಗೆ ಶಬ್ದ ಮತ್ತು ಹೊಗೆ, ಮೂರರವನಿಗೆ ಕಡ್ಲೆಬೀಜ ಮತ್ತು ಗ್ಲಾಸು, ಎಂಟರವನಿಗೆ ಬೇಸರ, ಹನ್ನೆರಡರವಳಿಗೆ ನೋಟ, ಹದಿನಾರರವನಿಗೆ ಆಸೆ. ಹದಿನಾರರವನು ಗೆಳೆಯರ ಜೊತೆ ಹೋಗುತ್ತೇನೆ ಅಂದರೆ ಮಾತ್ರ ನನ್ನ ಉತ್ತರ ಒಂದೇ ಶಬ್ದ: ಬೇಡ.

ವಾಪಸು ಬರುವುದು. ನಾಗರಬಾವಿಯಿಂದ ಸರ್ಜಾಪುರ ರಸ್ತೆ ಅಂದರೆ ಊರಿನ ಈ ತುದಿಯಿಂದ ಆ ತುದಿ, ನಡುವೆ ಸಿಲ್ಕ್ ಬೋರ್ಡ್. ಶೇಕಡಾ 5ರ ಬಿಯರಿನ ಅರ್ಧ ಲೀಟರ್ ಮಗ್ಗಿನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. 70 ಕೆಜಿಯವರ ರಕ್ತದಲ್ಲಿ ಅದು 40 ಮಿಲಿಗ್ರಾಂ ಮುಟ್ಟಬಹುದು, ಕಾನೂನಿನ ಮಿತಿ ನಾನು ಆಗಲೇ ಹೇಳಿದ 30. ಊಟದ ಜೊತೆ ಸ್ವಲ್ಪ ಕಡಿಮೆಯಾದೀತು, ಅದನ್ನು ನಂಬಿ ಸ್ಟೇರಿಂಗ್ ಹಿಡಿಯಬಾರದು. ಅಂದರೆ ಓಡಿಸುವವರಿಗೆ ಒಂದೇ ಮಗ್ಗೂ ಇಲ್ಲ. ನಿಮ್ಮಿಬ್ಬರಲ್ಲಿ ಯಾರು ಓಡಿಸುವುದು ಅಂತ ಮನೆಯಲ್ಲೇ ತೀರ್ಮಾನವಾಗಲಿ, ಅಲ್ಲಿ ಹೋದ ಮೇಲೆ ಆಗುವ ತೀರ್ಮಾನಕ್ಕೆ ಬೆಲೆಯಿಲ್ಲ. ಕ್ಯಾಬ್ ಆದರೆ ಮಗನ ಕಾರ್ ಸೀಟ್ ಜೊತೆಗೆ ತೆಗೆದುಕೊಂಡು ಹೋಗಿ. ಭಾರ ಅನ್ನಿಸುತ್ತದೆ, ಗೊತ್ತು.

ಯಜಮಾನರ ಕುಡಿತದ ಬಗ್ಗೆ ನೀವು ಏನೂ ಬರೆದಿಲ್ಲ, ನಾನೂ ಊಹಿಸುವುದಿಲ್ಲ. ಆದರೆ ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ "ಒಂದು ಅಂತ ಕೂತರೆ ಅವರು ಏಳುವುದೇ ಇಲ್ಲ" ಅನ್ನಿಸಿದ್ದರೆ, ಆ ಮನೆಯ ಪ್ರಶ್ನೆ ಪಬ್ಬಿನದ್ದಲ್ಲ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗ ಇದೆ, 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಭಾನುವಾರ ಹೀಗೆ ಮಾಡಿ. ಹನ್ನೆರಡೂವರೆಗೇ ತಲುಪಿ, ಮಕ್ಕಳ ಊಟ ಮೊದಲು ಹೇಳಿ, ದೊಡ್ಡವರ ಸ್ಟಾರ್ಟರ್ ಆಮೇಲೆ. ಸ್ಪೀಕರಿನಿಂದ ದೂರದ ಟೇಬಲ್ ಕೇಳಿ. ಎರಡೂವರೆ ಸುಮಾರಿಗೆ ಮಗನಿಗೆ ನಿದ್ದೆ ಎಳೆಯುತ್ತದೆ, ಗುಂಪಿನಲ್ಲಿ ಅದೇ ಹೊತ್ತಿಗೆ ಮೂರನೇ ಸುತ್ತು ಬರುತ್ತದೆ. ಮೊಬೈಲ್ ಕೊಟ್ಟು ಅವನನ್ನು ಎಬ್ಬಿಸಿ ಇಟ್ಟುಕೊಳ್ಳುವ ಆಸೆ ಬರುವ ಗಳಿಗೆ ಅದು. ಆಗ ಎದ್ದುಬಿಡಿ. ಶುಕ್ರವಾರ ನಾದಿನಿಯ ಹುಟ್ಟುಹಬ್ಬಕ್ಕೆ ನೀವು ದಂಪತಿ ಇಬ್ಬರೇ ಹೋಗಿ, ಕುಣಿಯಿರಿ, ಕ್ಯಾಬಿನಲ್ಲಿ ಬನ್ನಿ. ಮಕ್ಕಳ ಅತ್ತೆಗೆ ಇನ್ನೊಂದು ಕೇಕು ಮಾರನೇ ದಿನ ಮನೆಯಲ್ಲಿ ಕತ್ತರಿಸಿದರಾಯಿತು.

ಕೊನೆಯದಾಗಿ ನಿಮ್ಮ ಅತ್ತೆಯವರು. ಅದು ಕೋಪವೋ ಆಸೆಯೋ ಅಂತ ಕೇಳಿದ್ದೀರಿ. ಎರಡೂ ಇರಬಹುದು. ಭಾನುವಾರ ಅವರನ್ನೂ ಕರೆದುಕೊಂಡು ಹೋಗಿ, ಒಳ್ಳೆ ಕುರ್ಚಿ ನೋಡಿ ಮೊಮ್ಮಗನ ಪಕ್ಕದಲ್ಲಿ ಕೂರಿಸಿ, ಒಂದು ಫ್ರೆಶ್ ಲೈಮ್ ಸೋಡಾ ಹೇಳಿ. ಯಜಮಾನರ ಟೀಮಿನಲ್ಲಿ "ಸಾಕಪ್ಪಾ, ಏಳ್ರೋ" ಅಂತ ಎರಡೂವರೆಗೆ ಸರಿಯಾಗಿ ಹೇಳುವ ಧೈರ್ಯ ಇನ್ಯಾರಿಗೂ ಇದ್ದಂತೆ ಕಾಣುವುದಿಲ್ಲ.